ಅತ್ತೆಯ ಪಾಲಿನ ಸೌದೆ

ಮಲೆನಾಡಿನಲ್ಲಿ ಮನೆತನ ನೋಡಲು ಬಂದವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ, ನೋಡುವುದೆಲ್ಲ ಹಿತ್ತಿಲಲ್ಲಿ. ಕೊಪ್ಪ ಸೀಮೆಯ ಈ ಮನೆಗೆ ನನ್ನನ್ನು ಕೊಡುವ ಮುಂಚೆ ಬಂದಿದ್ದ ಅಪ್ಪ, ಕೈಕಾಲು ತೊಳೆಯುವ ನೆವದಲ್ಲಿ ಬಚ್ಚಲ ಹಿಂದೆ ಒಂದು ಸುತ್ತು ಹಾಕಿದ್ದರಂತೆ. ತೋಟ ಎಷ್ಟು ಎಕರೆ, ಹುಡುಗ ಹೇಗೆ, ಜಾತಕ ಕೂಡಿತೋ ಇಲ್ಲವೋ, ಯಾವುದನ್ನೂ ವಾಪಸ್ ಬಂದು ಹೆಚ್ಚು ಹೇಳಲಿಲ್ಲ. "ಸೌದೆ ಕೊಟ್ಟಿಗೆ ತುಂಬಿದೆ. ಆಷಾಢದಲ್ಲೂ ಮಗಳಿಗೆ ಬಿಸಿನೀರಿನ ತಾಪತ್ರಯ ಇಲ್ಲ" ಅಂದರು. ಅಮ್ಮ ಒಪ್ಪಿದಳು. ಅಪ್ಪ ನೋಡಿದ್ದು ಸರಿಯೇ ಇತ್ತು. ತುಂಬಿದ ಸೌದೆಯನ್ನು ಉರಿಸಲು ಯಾರ ಅಪ್ಪಣೆ ಬೇಕು ಎಂದು ಮಾತ್ರ ವಿಚಾರಿಸಿರಲಿಲ್ಲ.

ಅಪ್ಪಣೆ ಅತ್ತೆಯದು. ಬೀರುವಿನ ಕೀಲಿಕೈಯನ್ನು ನಾನು ಬಂದ ವರ್ಷವೇ ನನ್ನ ಸೊಂಟಕ್ಕೆ ಸಿಕ್ಕಿಸಿದವರು, ಬಾಗಿಲೇ ಇಲ್ಲದ ಸೌದೆ ಕೊಟ್ಟಿಗೆಯ ಅಧಿಕಾರವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಎಂಬತ್ತು ದಾಟಿದರೂ ಬೆಳಿಗ್ಗೆ ಕಾಫಿ ಮುಗಿದ ಕೂಡಲೇ ಕೋಲೂರಿಕೊಂಡು ಹೋಗಿ ಒಟ್ಟಿಲನ್ನು ಕಣ್ಣಲ್ಲೇ ಅಳೆದು ಬರುತ್ತಾರೆ. ಆಮೇಲೆ ವಿಚಾರಣೆ.

"ನಿನ್ನೆ ಹಂಡೆಗೆ ಮತ್ತಿ ಸೌದೆ ಹಾಕಿದ್ದು ಯಾರು?"

"ನಾನೇ ಅತ್ತೆ. ಮಾವಿನದು ಹೊಗೆ ಬರ್ತಿತ್ತು."

"ಮೀಯೋ ನೀರಿಗೆ ಮತ್ತಿಯಾ? ನಾಳೆ ಕಾಫಿಗೆ ತುಪ್ಪ ಹಾಕ್ತೀಯೇನೋ!"

ಘಟ್ಟದ ಮಳೆ ಕಾಣದವರಿಗೆ ಇದು ಅತಿ ಅನ್ನಿಸಬಹುದು. ಆಗುಂಬೆ ನಮಗೆ ದೂರವಲ್ಲ. ಅಲ್ಲಿ ವರ್ಷದ ಸರಾಸರಿಯೇ 7000 ಮಿಲಿಮೀಟರ್ ದಾಟುತ್ತದೆ. ಅಷ್ಟಿಲ್ಲದಿದ್ದರೂ ನಮ್ಮ ಪಾಲಿನದು ನಮಗೆ ಧಾರಾಳ. ಜೂನ್ ಮೊದಲ ವಾರ ಕಳೆದು ಮೃಗಶಿರಾ ಹಿಡಿಯಿತೆಂದರೆ ಡಬ್ಬಿಯಲ್ಲಿ ಉಪ್ಪು ನೀರೊಡೆಯುತ್ತದೆ, ಬೆಲ್ಲ ಕರಗುತ್ತದೆ, ಬೆಂಕಿಪೊಟ್ಟಣ ಒಲೆಯ ಮೇಲಿನ ಗೂಡು ಬಿಟ್ಟು ಇಳಿಯುವುದಿಲ್ಲ. ಬೆಂಗಳೂರಿನ ಮಗ ನಮ್ಮ ಕಷ್ಟ ನೋಡಲಾರದೆ ತಾರಸಿಯ ಮೇಲೆ ಸೋಲಾರ್ ಹಾಕಿಸಿಕೊಟ್ಟ. ಏಪ್ರಿಲಿನಲ್ಲಿ, ತಣ್ಣೀರು ಸುರಿದುಕೊಂಡರೂ ಬೆವರುವ ಹೊತ್ತಿಗೆ, ಅದು ಕೊತಕೊತ ಕುದಿಯುವ ನೀರು ಕೊಡುತ್ತದೆ. ಆಷಾಢದಲ್ಲಿ ಸೂರ್ಯನಿಗೂ ಅದಕ್ಕೂ ಒಟ್ಟಿಗೇ ರಜೆ. ಗೀಸರ್ ಇದೆ, ಅದಕ್ಕೆ ಕರೆಂಟು ಬೇಕು, ಕರೆಂಟು ಮೊದಲ ಗಾಳಿಗೇ ಕಂಬದ ಜೊತೆ ಮಲಗಿರುತ್ತದೆ. 14.2 ಕಿಲೊ ಸಿಲಿಂಡರಿನಲ್ಲಿ ಹಂಡೆ ನೀರು ಕಾಯಿಸುವ ಮಾತನ್ನು ಅತ್ತೆಯ ಎದುರು ಎತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹಾಗಾಗಿ ಮೀಯುವ ನೀರಿಗೆ, ದನಕ್ಕೆ ಬೇಯಿಸುವ ಹುರುಳಿಗೆ, ಕೊನೆಕೊಯ್ಲು ಶುರುವಾದ ಮೇಲೆ ಅಡಿಕೆ ಬೇಯಿಸುವ ಒಲೆಗೆ, ಎಲ್ಲಕ್ಕೂ ಸೌದೆಯೇ.

ಹಳೆಯ ಕೊಟ್ಟಿಗೆಗೆ ಅಡಿಕೆ ಸೋಗೆಯ ಮಾಡು. ವರ್ಷವರ್ಷವೂ ಹೊಸದಾಗಿ ಹೊದೆಸಬೇಕು. ಹೊದೆಸುವವರು ಒಬ್ಬೊಬ್ಬರಾಗಿ ಪೇಟೆ ಸೇರಿದ ಮೇಲೆ ಸೋಗೆಯ ಮೇಲೆ ನೀಲಿ ಟಾರ್ಪಾಲು ಬಂತು, ಟಾರ್ಪಾಲು ಹಾರದಂತೆ ಹಳೇ ಟೈರು ಬಂತು, ಟೈರಿನೊಳಗೆ ನಿಂತ ನೀರಿಗೆ ಸೊಳ್ಳೆ ಬಂತು. ಕೊನೆಗೆ ಒಂದು ಗಾಳಿಮಳೆಗೆ ಇಡೀ ಮಾಡು ಟೈರಿನ ಸಮೇತ ಕೆಳಗಿನ ತೋಟಕ್ಕೆ ಇಳಿಯಿತು. ಹೊಸದು ಕಟ್ಟದೆ ವಿಧಿಯಿರಲಿಲ್ಲ.

ಮನೆ ಕಟ್ಟುವಾಗ ಊರಿನವರು "ಇಂಜಿನಿಯರ್ ಇದ್ದಾರಲ್ಲ" ಎಂದು ಸುಮ್ಮನಿರುತ್ತಾರೆ. ಸೌದೆ ಕೊಟ್ಟಿಗೆಗೆ ಮಾತ್ರ ಎಲ್ಲರೂ ಇಂಜಿನಿಯರುಗಳೇ. ಇವರ ಚಿಕ್ಕಯ್ಯ ವಾಸ್ತು ಓದಿಕೊಂಡವರು. ಬೆಂಕಿಗೆ ಸಂಬಂಧಪಟ್ಟಿದ್ದೆಲ್ಲ ಆಗ್ನೇಯದಲ್ಲೇ ಇರಬೇಕು ಎಂದು ಹಟ ಹಿಡಿದರು. ಆಗ್ನೇಯದಲ್ಲಿ ಗೋಬರ್ ಗ್ಯಾಸಿನ ಗುಂಡಿ ಇತ್ತು. "ಅದೂ ಅಗ್ನಿಯೇ ಅಲ್ವಾ ಚಿಕ್ಕಯ್ಯ" ಎಂದು ಇವರು ಅಂದದ್ದಕ್ಕೆ ಅವರು ಊಟ ಮಾಡದೆ ಹೊರಟು, ಗೇಟಿನವರೆಗೆ ಹೋಗಿ, ಹಲಸಿನ ಹಣ್ಣಿನ ಕಡುಬು ಎಂದು ತಿಳಿದು ವಾಪಸ್ ಬಂದರು. ಬಚ್ಚಲಿಗೆ ಅಂಟಿಕೊಂಡೇ ಇರಲಿ ಎಂದು ನಾನು, ಮಳೆಯಲ್ಲಿ ಕೊಡೆ ಹಿಡಿದು ಸೌದೆ ತರುವವಳು ನಾನಾದ್ದರಿಂದ. ಮನೆಯಿಂದ ದೂರ ಇರಲಿ ಎಂದು ಇವರು, ಹಾವು ಕಂಡರೆ ಕಿರುಚುವವರು ಇವರಾದ್ದರಿಂದ. "ನಾನು ಮಲಗಿದಲ್ಲಿಂದ ಕಾಣ್ಬೇಕು" ಅಂದರು ಅತ್ತೆ. ಅಲ್ಲಿಗೇ ಗುದ್ದಲಿ ಬಿತ್ತು.

ಮಾಡಿಗೆ ತಗಡಿನ ಶೀಟು ಸಾಕು ಎನ್ನುವುದು ಇವರ ಲೆಕ್ಕ. ಅತ್ತೆಗೆ ಹೆಂಚೇ ಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ ತಡ, ಆ ಕೆಂಪು ಹೆಂಚು ಕರಾವಳಿಯಲ್ಲೆಲ್ಲ ಹರಡಿ ಘಟ್ಟವನ್ನೂ ಹತ್ತಿತು. ನಮ್ಮ ಮನೆಯ ಮೇಲೂ ಮಂಗಳೂರು ಹೆಂಚೇ ಇದ್ದದ್ದು. ತಾರಸಿ ಹಾಕಿಸುವ ಉಮೇದಿನಲ್ಲಿ ಇಳಿಸಿದ್ದೆಲ್ಲ ಹಿತ್ತಿಲ ಮೂಲೆಯಲ್ಲಿ ಪಾಚಿ ಹಿಡಿದು ಕೂತಿತ್ತು. ಅದನ್ನೇ ಉಜ್ಜಿ ತೊಳೆದು ಏರಿಸಿದೆವು. ಈಗ ಸೆಕೆಗಾಲದಲ್ಲಿ ನಾವು ತಾರಸಿಯ ಅಡಿಯಲ್ಲಿ ಬೇಯುತ್ತೇವೆ, ಸೌದೆ ಹೆಂಚಿನ ಅಡಿಯಲ್ಲಿ ತಂಪಾಗಿ ಮಲಗಿರುತ್ತದೆ.

ಕಂಬ ಕಲ್ಲಿನದು, ಪಕಾಸು ಗಾಳಿಗೆ ಬಿದ್ದ ಹಲಸಿನದು, ರೀಪಿಗೆ ಅಡಿಕೆ ದಬ್ಬೆ. ಇಷ್ಟಾದ ಮೇಲೆ ಮೇಸ್ತ್ರಿ "ಗೋಡೆ ಯಾವ ಕಡೆಯಿಂದ ಶುರು ಮಾಡ್ಲಿ ಅಮ್ಮ" ಎಂದು ಕೇಳಿದ. "ಗೋಡೆ ಕಟ್ಟಿದ್ರೆ ಸೌದೆ ಉಸಿರಾಡೋದು ಹೇಗೆ ಮಾರಾಯ?" ಎಂದು ಅತ್ತೆ ಗದರಿದರು. ಇದರಲ್ಲಿ ಅವರೊಡನೆ ವಾದವಿಲ್ಲ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಹಸಿ ಸೌದೆಯನ್ನು ಒಲೆಗಿಟ್ಟರೆ ಅದು ಮೊದಲು ತನ್ನ ಹೊಟ್ಟೆಯ ನೀರನ್ನು ಕಾಯಿಸಿಕೊಳ್ಳುತ್ತದೆ, ಬಿಸಿ ಉಳಿದರೆ ನಮ್ಮ ಹಂಡೆಗೆ. ಆ ನೀರು 100ಕ್ಕೆ 20ರ ಒಳಗೆ ಇಳಿದರೆ ಮಾತ್ರ ಸೌದೆ ಹೊಗೆಯ ಕಾಟವಿಲ್ಲದೆ ಉರಿಯುತ್ತದೆ. ಅದಕ್ಕೆ ಬಿಸಿಲೊಂದೇ ಸಾಲದು, ಗಾಳಿ ಆಡಬೇಕು. ಹಾಗಾಗಿ ಮೂರು ದಿಕ್ಕು ಬಯಲು, ಮಳೆಯ ಎರಚಲು ಹೊಡೆಯುವ ಪಡುವಣಕ್ಕೆ ಮಾತ್ರ ಸೋಗೆಯ ತಟ್ಟಿ. ನೆಲದ ತೇವವೂ ಗೆದ್ದಲೂ ಹತ್ತದಂತೆ ಅಡಿಗೆ ಮುರಿದ ಕಲ್ಲುಕಂಬಗಳನ್ನು ಮಲಗಿಸಿ ಅವುಗಳ ಮೇಲೆ ಒಟ್ಟುವುದು.

ಒಣಗಿತೋ ಇಲ್ಲವೋ ಎಂದು ತಿಳಿಯಲು ಅತ್ತೆ ಎರಡು ಸೀಳು ತೆಗೆದುಕೊಳ್ಳುತ್ತಾರೆ. ಮೊದಲು ಕಡಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯುತ್ತಾರೆ. ನಡುವಿನಿಂದ ಅಂಚಿಗೆ ಬಿರುಕು ಹರಿದಿರಬೇಕು. ತೊಗಟೆಯ ಸಂದಿಗೆ ಉಗುರು ತೂರಿಸುತ್ತಾರೆ. ಅದು ತಾನಾಗಿ ಎದ್ದು ಬರಬೇಕು. ಕೊನೆಗೆ ಒಂದಕ್ಕೊಂದು ಬಡಿದು, ತಲೆ ಒಂದು ಕಡೆ ವಾಲಿಸಿ ಕೇಳುತ್ತಾರೆ. ಠಣ್ ಎಂದರೆ ಒಳಗೆ, ದಬ್ ಎಂದರೆ ಮತ್ತೆ ಅಂಗಳಕ್ಕೆ. ಫೋನಿನಲ್ಲಿ ಮೊಮ್ಮಗ ಕೂಗಿದ್ದು ಕೇಳಿಸದ ಅದೇ ಕಿವಿ.

ಸೌದೆಗಳಲ್ಲೂ ಅವರದೊಂದು ಅಂತಸ್ತಿನ ಲೆಕ್ಕವಿದೆ. ಮತ್ತಿಗೆ ಮೇಲಿನ ಸ್ಥಾನ. ಗಟ್ಟಿ ಮರ, ಕೆಂಡ ನಿಲ್ಲುತ್ತದೆ. ಕಾಫಿ ಗಿಡದ ಬೊಡ್ಡೆಯೂ ಮರ್ಯಾದಸ್ಥ. ಮಾವು ನಡುವಿನದು, ಬೇಗ ಕುಟ್ಟೆ ಹಿಡಿಯುತ್ತದೆ. ಸಿಲ್ವರ್ ಓಕ್ ಕಾಗದದ ಜಾತಿ, ಹೊತ್ತಿಕೊಂಡದ್ದು ಗೊತ್ತು, ಆರಿದ್ದು ಗೊತ್ತಾಗುವುದಿಲ್ಲ. ಬೂರುಗವನ್ನು ಸೌದೆ ಎಂದು ಕರೆದವರ ಮನೆಗೆ ಹೆಣ್ಣು ಕೊಡಬಾರದು. ಹೊಳೆಗೇರನ್ನಂತೂ ಅಂಗಳಕ್ಕೂ ತರುವಂತಿಲ್ಲ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ. ಇಷ್ಟೆಲ್ಲ ಜಾತಿ ನೋಡಿದರೂ ಬೇಕಾದ್ದನ್ನು ಕಡಿಯುವ ಹಾಗಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಜಾಗದ ಮತ್ತಿಗೂ ಇಲಾಖೆಯ ಅನುಮತಿ ಬೇಕು. ನಾವು ಕಾಯುವುದು ಗಾಳಿಗೆ ಬೀಳುವುದನ್ನು, ಮತ್ತು ಕಾಫಿ ತೋಟದಲ್ಲಿ ನೆರಳು ತೆಗೆಯುವ ಮರಗಸಿಯ ಕೊಂಬೆಗಳನ್ನು. ಜೋರು ಗಾಳಿಯ ಮರುದಿನ ಊರಿನವರೆಲ್ಲ "ಛೆ, ಎಂಥಾ ಮರ ಬಿತ್ತು" ಎಂದು ಲೊಚಗುಟ್ಟುತ್ತ ಕೊಡಲಿ ಹುಡುಕುತ್ತಿರುತ್ತಾರೆ.

ಕೊಟ್ಟಿಗೆ ಮುಗಿದ ದಿನ ಖಾಲಿ ಇತ್ತು. ಖಾಲಿಯಾಗಿ ಅದನ್ನು ನೋಡಿದ್ದು ಅದೊಂದೇ ದಿನ. ಸೌದೆಗಿಂತ ಮೊದಲೇ ಮುರಿದ ತೊಟ್ಟಿಲು ಬಂತು, ಹಾಲಿಲ್ಲದ ದನದ ಹಗ್ಗ, ಅಡಿಕೆ ಹಾಳೆ, ಇವರು ಒಂದು ಕಾಲದಲ್ಲಿ ಹತ್ತುತ್ತಿದ್ದ ಸೈಕಲ್ಲು, ಚುನಾವಣೆಯ ಫ್ಲೆಕ್ಸು. ಫ್ಲೆಕ್ಸಿನಲ್ಲಿದ್ದ ಅಭ್ಯರ್ಥಿ ಸೋತರೂ ನಮ್ಮ ಗರಟೆ ಚೀಲಗಳನ್ನು ಎರಡು ಮಳೆಗಾಲ ಕಾಯ್ದರು. ಆಮೇಲೆ ಬಾಡಿಗೆಯಿಲ್ಲದ ಬಿಡಾರಗಳು: ಮರಿ ಹಾಕಲು ಬಂದ ಬೆಕ್ಕು, ಕದ್ದು ಮೊಟ್ಟೆಯಿಡುವ ಪಕ್ಕದ ಮನೆಯ ಕೋಳಿ, ಜರಿ, ಚೇಳು, ಇಲಿ, ಇಲಿಯ ವಾಸನೆ ಹಿಡಿದು ಬಂದ ಒಂದು ಕೇರೆಹಾವು. "ಅದು ಇದ್ರೆ ಇಲಿ ಇರಲ್ಲ, ಇರ್ಲಿ ಬಿಡಿ" ಎಂದು ಅತ್ತೆ ಕೇರೆಗೆ ಅಪ್ಪಣೆ ಕೊಟ್ಟರು. ಅದಾದ ಮೇಲೆ ಸೌದೆ ತರುವ ಕೆಲಸ ಪೂರ್ತಿಯಾಗಿ ನನ್ನದಾಯಿತು. ಇವರಿಗೆ ಮಂಡಿನೋವು ಶುರುವಾದದ್ದು ಅದೇ ವಾರ.

ದೊಡ್ಡ ತೊಡಕು ಬೇರೆಯದು. ಹೊಸ ಸೌದೆ ಯಾವಾಗಲೂ ಹಳೆಯದರ ಮುಂದೆ ಬಂದು ಕೂರುತ್ತದೆ. ಕೈಗೆ ಸಿಗುವುದು ಮುಂದಿನದು, ಒಣಗಿದ್ದು ಹಿಂದಿನದು. ಹಾಗಾಗಿ ಕೊಟ್ಟಿಗೆ ತುಂಬ ಒಣಸೌದೆ ಇಟ್ಟುಕೊಂಡು ನಾವು ವರ್ಷಪೂರ್ತಿ ಅರೆಹಸಿಯನ್ನೇ ಊದುತ್ತೇವೆ. ಎರಡು ಕಡೆಯಿಂದ ತೆಗೆಯುವ ಹಾಗೆ ನಡುವೆ ಓಣಿ ಬಿಡೋಣ ಎಂದು ನಾನು ಸೂಚಿಸಿದೆ. "ಹಿಂದಿನದು ಮುಗಿಸೋಕೆ ಓಣಿಯಾ?" ಎಂದರು ಅತ್ತೆ. ಇವರು ಯಾರದೋ ಮಾತು ಕೇಳಿ ಅಸ್ತ್ರ ಒಲೆ ಹಾಕಿಸಿದಾಗಲೂ ಇದೇ ಧಾಟಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದ ಒಲೆ ಅದು. ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ, ಸೌದೆಯೂ ಕಡಿಮೆ ಸಾಕು. ಕಡಿಮೆ ಸಾಕು ಎಂದದ್ದೇ ತಪ್ಪಾಯಿತು. "ಸೌದೆ ಬೇಡ ಅಂದ್ಮೇಲೆ ಕೊಟ್ಟಿಗೆ ಕಟ್ಟಿಸಿದ್ದು ಯಾಕೆ?" ಎಂದು ಒಂದು ಹೊತ್ತು ಮಾತೇ ಬಿಟ್ಟರು. ಆಮೇಲೆ ಹೊಗೆಯಿಲ್ಲದ ಅಡುಗೆಮನೆಯಲ್ಲಿ ಕೂತು, ಕಣ್ಣು ಒರೆಸಿಕೊಳ್ಳುವ ಕೆಲಸ ತಪ್ಪಿದ್ದಕ್ಕೆ ಏನು ಮಾಡಬೇಕೆಂದು ತೋಚದೆ, ಒಲೆಯನ್ನು ಬೈಯುವುದನ್ನು ತಾವಾಗಿಯೇ ಬಿಟ್ಟರು.

ಈ ಹಿಂದಿನ ಸಾಲಿನ ಗುಟ್ಟು ನನಗೆ ತಡವಾಗಿ ತಿಳಿಯಿತು. ಕೊಟ್ಟಿಗೆಯ ಬಲಮೂಲೆಯಲ್ಲಿ, ಒಂದೇ ಅಳತೆಗೆ ಕತ್ತರಿಸಿ ಅಂದವಾಗಿ ಒಟ್ಟಿದ ಮತ್ತಿ ಮತ್ತು ಮಾವಿನ ಸೌದೆ ಇದೆ. ಅದು ಅತ್ತೆಯ ಪಾಲು. ಅವರನ್ನು ಸುಡಲು ಅವರೇ ಕೂಡಿಟ್ಟದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಆಷಾಢದ ಒಂದು ಸಾವು ಕಂಡಿದ್ದರಂತೆ. ಆಗಷ್ಟೇ ಕಡಿದ ಮಾವು, ಮೇಲೆ ಜಡಿಮಳೆ. ಸೀಮೆಎಣ್ಣೆ ಸುರಿದರು, ಸಕ್ಕರೆ ಸುರಿದರು, ರಾತ್ರಿಯಿಡೀ ಚಿತೆ ಹೊಗೆಯಾಡಿತು, ಮಕ್ಕಳು ಬೆಳಗಿನವರೆಗೂ ಕೊಡೆ ಹಿಡಿದು ನಿಂತಿದ್ದರು. "ಬದುಕಿದ್ದಾಗ ಯಾರಿಗೂ ಹೊಗೆ ಹಾಕಿದವಳಲ್ಲ ನಾನು, ಸತ್ತ ಮೇಲೆ ಹಾಕ್ತೀನಾ?" ಎನ್ನುತ್ತಾರೆ. ಮೊದಲ ಅರ್ಧಕ್ಕೆ ಸಾಕ್ಷಿ ಸಿಗುವುದು ಕಷ್ಟ. ಒಂದು ಚಿತೆಗೆ 400-500 ಕಿಲೊ ಬೇಕಾಗುತ್ತದೆಂದು ಕೇಳಿ ತಿಳಿದು, ತಾವು ಈಗ ಇಳಿದಿದ್ದೇವೆಂದು ಸ್ವಲ್ಪ ಕಡಿಮೆಯಲ್ಲೇ ಹೊಂದಿಸಿದ್ದಾರೆ. ತೀರಾ ತುರ್ತಿಗೆ ಅದರಿಂದ ನಮಗೆ ಸಾಲ ಸಿಗುವುದುಂಟು. ತೀರಿಸದಿದ್ದರೆ ನೆನಪಿಸುವ ರೀತಿ ಕೇಳಬೇಕು: "ನನ್ನ ಮೊಣಕಾಲಿನ ತನಕದ್ದು ಇನ್ನೂ ಬಾಕಿ ಇದೆ ನೋಡೇ."

ಹೋದ ವರ್ಷ ಮಳೆ ಹೊಯ್ಯುತ್ತಿರುವಾಗಲೇ ಕೆಳಗಿನ ಮನೆಯ ದೊಡ್ಡಮ್ಮ ತೀರಿಕೊಂಡರು. ಬೇಲಿಯ ಹಲಸಿನ ಮರ ಯಾರದು ಎಂಬ ವಿಷಯದಲ್ಲಿ ಅವರಿಗೂ ಅತ್ತೆಗೂ ಎಷ್ಟೋ ಕಾಲದಿಂದ ಮಾತಿರಲಿಲ್ಲ. ಆ ಮನೆಯಲ್ಲಿ ಗ್ಯಾಸು ಬಂದ ಮೇಲೆ ಸೌದೆಯ ಗೊಡವೆಯೇ ಬಿಟ್ಟಿದ್ದರು. ಹುಡುಗರು ಗರಗಸ ಹಿಡಿದು ಮಳೆಯಲ್ಲಿ ಮಾವಿನ ಮರದತ್ತ ಹೊರಟದ್ದನ್ನು ಅತ್ತೆ ಕಿಟಕಿಯಿಂದ ಕಂಡರು. "ಬಲಮೂಲೇದು ತಗೊಂಡು ಹೋಗೋಕೆ ಹೇಳು" ಎಂದಷ್ಟೇ ಹೇಳಿ ಆಚೆ ತಿರುಗಿ ಮಲಗಿದರು. ಚಿತೆ ಒಂದೇ ಕಡ್ಡಿಗೆ ಹಿಡಿಯಿತೆಂದು ಬಂದವರೆಲ್ಲ ಹೊಗಳಿದರು.

ಬೇಸಿಗೆಯಲ್ಲಿ ದೊಡ್ಡಮ್ಮನ ಮೊಮ್ಮಗ ಮರ್ಯಾದೆಯಿಂದ ಒಂದು ಪಿಕಪ್ ಸೌದೆ ತಂದು ಅಂಗಳದಲ್ಲಿ ನಿಲ್ಲಿಸಿದ. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತರು. ತುದಿ ನೋಡಿದರು, ತೊಗಟೆ ಕೆರೆದರು, ಬಡಿದು ಕೇಳಿದರು.

"ಅರ್ಧಕ್ಕರ್ಧ ಸಿಲ್ವರ್. ನಿನ್ನಜ್ಜಿ ಸಾಲ ತಗೊಂಡ ಕಾಫಿಪುಡಿಗೂ ಚಿಕೋರಿ ಬೆರೆಸಿಯೇ ವಾಪಸ್ ಕೊಡ್ತಿದ್ಲು."

ಹುಡುಗನ ಮುಖ ಸಪ್ಪಗಾಯಿತು. "ಹಾಗಾದ್ರೆ ತಗೊಂಡು ಹೋಗಿ ಬೇರೆ ತರ್ಲಾ ಅಜ್ಜಿ?"

"ಬೇಡ, ಇಳಿಸು. ಸೊಸೆ ಹಂಡೆಗೆ ಹಾಕ್ತಾಳೆ. ನನ್ನ ಬಾಕಿ ಬಾಕಿಯೇ ಇರ್ಲಿ."