ತಂಡೋತ್ಪತ್ತಿ ಮೀಮಾಂಸೆ ಅಥವಾ ದುರ್ಯೋಧನ ವಿಭಜನೆ

ಕೂಡಬಾರದವು ಕೂಡಿ ಒಂದೇ ಪದವಾದರೆ ವೈಯಾಕರಣರು ಅರಿಸಮಾಸ ಎನ್ನುತ್ತಾರೆ, ಊರವರು ತಂಡ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲಿ ಇದಕ್ಕೆ ನಾಲ್ಕು ಅವಸ್ಥೆಗಳನ್ನು ಹೇಳಿದರು: ಕೂಡುವುದು, ಕಾದಾಡುವುದು, ಕಟ್ಟಿಗೆ ಬರುವುದು, ಕೆಲಸ ಮಾಡುವುದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕೇ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ತಾಲ್ಲೂಕಿಗೊಂದು ಅವಸ್ಥೆಯಂತೆ ಹಂಚಲು ಲೆಕ್ಕ ಸರಿಹೋಗುತ್ತದೆ, ಆದರೆ ಕಾದಾಟವನ್ನು ಬಿಟ್ಟುಕೊಡಲು ಯಾವ ತಾಲ್ಲೂಕೂ ಒಪ್ಪದು.

ಅಧ್ಯಯನಕ್ಕೆ ಯೋಗ್ಯವಾದದ್ದು ಪೌರಾಣಿಕ ನಾಟಕದ ತಂಡ, ಅದರಲ್ಲೂ ‘ಕುರುಕ್ಷೇತ್ರ’ದ್ದು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿ ಇರುವುದೂ ಇದೇ ತುಮಕೂರು ಜಿಲ್ಲೆಯಲ್ಲಿ. ಕಡಲೆಕಾಯಿ ಕಿತ್ತು, ರಾಗಿ ಕಣ ಮುಗಿದ ಮೇಲೆ ಅರಳಿಕಟ್ಟೆಯಲ್ಲಿ ಪ್ರಥಮಾವಸ್ಥೆ ಕಾಣಿಸಿಕೊಳ್ಳುತ್ತದೆ. ಎಲ್ಲರೂ “ನನಗೆ ಯಾವ ಪಾರ್ಟಾದರೂ ಸರಿ” ಎನ್ನುವುದು ಇದರ ಲಕ್ಷಣ. ಇದರ ಆಯುಸ್ಸು ಒಂದು ಸಂಜೆ.

ದ್ವಿತೀಯಾವಸ್ಥೆಗೆ ಮೂಲ, ಪಾರ್ಟನ್ನು ದುಡ್ಡು ಕಟ್ಟಿ ಪಡೆಯುವ ಪದ್ಧತಿ. ದುರ್ಯೋಧನ, ಕೃಷ್ಣ ದುಬಾರಿ; ನಕುಲ, ಸಹದೇವ ಅಗ್ಗ. ದುರ್ಯೋಧನನೇ ಬೇಕೆಂದು ಇಬ್ಬರು ಪಟ್ಟು ಹಿಡಿದರೆ ಟಕ್‌ಮನ್ನರಿಗೂ ಹೊಳೆಯದ ಪರಿಹಾರವೊಂದಿದೆ: ಕರಪತ್ರದಲ್ಲಿ 1ನೇ ದುರ್ಯೋಧನ, 2ನೇ ದುರ್ಯೋಧನ ಎಂದು ಅಚ್ಚು ಹಾಕಿಸುವುದು. ದಾಯಾದಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ಗುಡುಗಬೇಕಾದವನನ್ನೇ ಹೀಗೆ ಸೀಳಿ ಪಾಲು ಮಾಡಲಾಗುತ್ತದೆ. ಮೊದಲನೆಯವನಿಗೆ ಆಸ್ಥಾನ, ಎರಡನೆಯವನಿಗೆ ತೊಡೆಮುರಿತ. ಲಾಭದ ಪಾಲು ಯಾವುದೆಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಕರಪತ್ರದಲ್ಲಿ ಯಾರ ಫೋಟೊ ದೊಡ್ಡದು ಎಂಬುದು ಬೇರೆಯೇ ಪ್ರಬಂಧವನ್ನು ಬೇಡುವ ವಿಷಯ.

ತೃತೀಯಾವಸ್ಥೆಯಲ್ಲಿ ತಂಡವನ್ನು ಕಟ್ಟಿಗೆ ತರುವವರು ಹಾರ್ಮೋನಿಯಂ ಮೇಷ್ಟ್ರು. ಎರಡು ಮೂರು ತಿಂಗಳು, ರಾತ್ರಿ ಊಟವಾದ ಮೇಲೆ, ತಾಲೀಮು. ಪಾತ್ರಧಾರಿ ಶ್ರುತಿಗೆ ಬರಬೇಕೆಂಬುದು ಶಾಸ್ತ್ರ. ಕಂದಪದ್ಯ ಎಲ್ಲಿ ಜಾರಿ ಬಿದ್ದರೂ ಪೆಟ್ಟಿಗೆಯೇ ಅಲ್ಲಿಗೆ ಹೋಗಿ ಎತ್ತಿಕೊಂಡು ಬರುವುದು ಪ್ರಯೋಗ. ಬಹುಪಾಲು ಆಂಧ್ರ ಸುತ್ತುವರಿದ ಪಾವಗಡದ ಕಡೆ ಭೀಮನು ಪದ್ಯವನ್ನು ಕನ್ನಡದಲ್ಲೂ ಸಿಟ್ಟನ್ನು ತೆಲುಗಿನಲ್ಲೂ ಹೇಳಿದರೆ ಅದನ್ನು ದೋಷವೆಂದು ಎಣಿಸತಕ್ಕದ್ದಲ್ಲ.

ಚತುರ್ಥಾವಸ್ಥೆಗೆ ಬಂದರೆ, ಒಟ್ಟಿಗಿದ್ದಷ್ಟೂ ತಂಡ ಪಳಗುತ್ತದೆ ಎಂಬುದು ಪೂರ್ವಪಕ್ಷ. ಇದನ್ನು ಖಂಡಿಸುವವಳು ದ್ರೌಪದಿ. ಸಂಭಾವನೆ ಕೊಟ್ಟು ಕರೆಸುವ ಕಲಾವಿದೆ ನಾಟಕದ ದಿನ ಸಂಜೆ ಬಸ್ಸಿಳಿಯುತ್ತಾಳೆ. ಐವರು ಗಂಡಂದಿರ ಮುಖ ನೋಡುವುದು ಆಗಲೇ. ನಡುರಾತ್ರಿ ಮಾತು ಮರೆತು ನಿಂತ ಧರ್ಮರಾಯನ ಮಗ್ಗುಲಿಗೆ ಸರಿದು, ಮೆಲ್ಲಗೆ ಅವನ ಮಾತನ್ನು ಎತ್ತಿಕೊಡುವವಳೂ ಅವಳೇ. ಕೆಲಸ ಬಲ್ಲವರು ದುಡ್ಡು ಪಡೆಯುತ್ತಾರೆ, ದುಡ್ಡು ಕೊಟ್ಟವರು ತಂಡ ಎನಿಸಿಕೊಳ್ಳುತ್ತಾರೆ.

1977ರಲ್ಲಿ ಟಕ್‌ಮನ್, ಮೇರಿ ಆನ್ ಜೆನ್ಸನ್ ಜೊತೆಗೂಡಿ, ವಿಸರ್ಜನೆಯೆಂಬ ಐದನೆಯ ಅವಸ್ಥೆಯನ್ನು ಸೇರಿಸಿದರು. ಇಲ್ಲಿ ಅದು ಒದಗುವುದು ಬೆಳಗಿನ ಜಾವ. ತೊಡೆ ಮುರಿದು ಬಿದ್ದ ದುರ್ಯೋಧನ ಏಳುವ ಮೊದಲೇ ಸೀನರಿಯವರು ಪರದೆ ಸುತ್ತುತ್ತಾ ಬಾಕಿ ಬಾಡಿಗೆ ಕೇಳುತ್ತಾರೆ. ಕೊಡಬೇಕಾದವನು 1ನೇ ದುರ್ಯೋಧನನೋ 2ನೆಯವನೋ ಎಂಬಲ್ಲಿಗೆ ದ್ವಿತೀಯಾವಸ್ಥೆ ಮರಳಿ ಬರುತ್ತದೆ.