ಹಾಕಿಸ್ಥಳ ನಿರ್ಣಯಸಿಂಧು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಒಂದು ಹಾಕಿ ಚಾಂಪಿಯನ್‌ಶಿಪ್ ನಡೆಸುವುದಾದರೆ ಅದನ್ನು ಎಲ್ಲಿ ನಡೆಸತಕ್ಕದ್ದು ಎಂಬುದೇ ಪ್ರಸ್ತುತ ಗ್ರಂಥದ ವಿಷಯ. ವಿಷಯದ ಬೆನ್ನಿಗೆ ಸಂಶಯ, ಆಮೇಲೆ ಪೂರ್ವಪಕ್ಷ, ಅದನ್ನು ಮುರಿದು ಸಿದ್ಧಾಂತ, ಕಡೆಗೆ ಸಂಗತಿ ಎಂದು ಮೀಮಾಂಸಕರು ಹಾಕಿಕೊಟ್ಟ ಐದು ಅಂಗಗಳಲ್ಲೇ ನಾವೂ ನಡೆಯುತ್ತೇವೆ. ಕಬಡ್ಡಿ, ಖೊಖೊ, ವಾಲಿಬಾಲು, ಥ್ರೋಬಾಲುಗಳ ಈ ಸೀಮೆಯಲ್ಲಿ ಹಾಕಿ ತಂಡಗಳು ಎಷ್ಟಿವೆ ಎಂದು ಮಾತ್ರ ಯಾರೂ ಕೇಳಕೂಡದು. ಯಾಗದ ವಿಧಿ ವಿಚಾರಿಸುವವನ ಹತ್ತಿರ ಮನೆಯಲ್ಲಿ ತುಪ್ಪ ಎಷ್ಟಿದೆ ಎಂದು ಯಾರಾದರೂ ಕೇಳಿದ್ದುಂಟೇ?

ಸಂಶಯ ಹುಟ್ಟಿದ್ದು ಕೊಡಗಿನ ದೆಸೆಯಿಂದ. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಮನೆತನಗಳನ್ನು ಸೇರಿಸಿ ಕೌಟುಂಬಿಕ ಹಾಕಿ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನ ಹೊತ್ತಿಗೆ ತಂಡಗಳು 360 ಆಗಿ ಗಿನ್ನೆಸ್ ಪುಸ್ತಕ ಸೇರಿದವು. ಒಂದೊಂದು ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ, ಕಪ್ಪಿಗೆ ಆ ಮನೆತನದ್ದೇ ಹೆಸರು. ಅಲ್ಲಿಯೂ ಮಳೆ ಕಡಿಮೆಯೇನಲ್ಲ. ಆದರೆ ಅವರು ಏಪ್ರಿಲ್-ಮೇ ತಿಂಗಳಲ್ಲಿ ಆಡಿ ಮುಗಿಸುತ್ತಾರೆ. ಅಂದರೆ ಕೊಡವರು ಮೊದಲು ಕಾಲ ನೋಡುತ್ತಾರೆ, ಆಮೇಲೆ ಸ್ಥಳ. ಇಂಥ ಸುಲಭ ಮಾರ್ಗದಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲವಾದ್ದರಿಂದ ನಾವು ಅದನ್ನು ಬಿಟ್ಟಿದ್ದೇವೆ.

ಇನ್ನು ಪೂರ್ವಪಕ್ಷ. ಐತಿಹಾಸಿಕ ಪಂಥದವರು ಹೇಳುವುದೇನೆಂದರೆ, ಸ್ಥಳದ ಪ್ರಶ್ನೆಯನ್ನು ಕೆಳದಿ ಅರಸರು ಎಂದೋ ಬಗೆಹರಿಸಿದ್ದಾರೆ. ಮೊದಲು ಕೆಳದಿ, ಅಲ್ಲಿಂದ ಇಕ್ಕೇರಿ, ಬಿಜಾಪುರದವರ ದಾಳಿಯಾದ ಮೇಲೆ ಬಿದನೂರು, ಕಷ್ಟಕಾಲಕ್ಕೆ ಕವಲೇದುರ್ಗ. ಮೊದಲಿನೆರಡು ಸಾಗರದಲ್ಲಿ, ಮೂರನೆಯದು ಹೊಸನಗರದಲ್ಲಿ, ನಾಲ್ಕನೆಯದು ತೀರ್ಥಹಳ್ಳಿಯಲ್ಲಿ. ಮೂರು ತಾಲ್ಲೂಕಿಗೂ ನ್ಯಾಯ ಸಿಕ್ಕಿದ ಹಾಗಾಯಿತು, ಇದೇ ಸರದಿಯಲ್ಲಿ ಹಾಕಿಯನ್ನೂ ತಿರುಗಿಸಿ ಎಂದು ಅವರ ವಾದ. ಕೇಳಲು ಚೆನ್ನಾಗಿದೆ. ಆದರೆ ಅರಸರು ಊರು ಬದಲಿಸಿದ್ದು ಶತ್ರು ಬಂದನೆಂದು. ನಮ್ಮ ಪಂದ್ಯಾವಳಿಗೆ ಎದುರಾಳಿ ತಂಡವಾದರೂ ಬಂದೀತೇ ಎಂಬುದೇ ಚಿಂತೆ. 1763ರಲ್ಲಿ ಹೈದರಾಲಿ ಬಿದನೂರಿಗೆ ಬಂದಾಗ ಊಟದ ವ್ಯವಸ್ಥೆ ಯಾರದ್ದೆಂದು ವಿಚಾರಿಸಲಿಲ್ಲ. ಈಗಿನ ತಂಡಗಳು ವಿಚಾರಿಸದೆ ಬಸ್ಸೇ ಹತ್ತುವುದಿಲ್ಲ.

ಎರಡನೆಯದು ಜಲವಾದಿಗಳ ಪಂಥ. ಇವರು ಆಧುನಿಕರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಹಾಕಿ ಹುಲ್ಲು ಬಿಟ್ಟು ಕೃತಕ ಹಾಸಿಗೆ ಹತ್ತಿತಷ್ಟೆ. ಆ ಹಾಸಿಗೆ ಆಟಕ್ಕೆ ಮುಂಚೆ ನೀರು ಹೊಡೆದು ನೆನೆಸುತ್ತಾರೆ, ಚೆಂಡು ಸಲೀಸಾಗಿ ಓಡಲಿ ಎಂದು. ಇದಕ್ಕೆ ಪಂಪು, ಪೈಪು, ಟ್ಯಾಂಕು ಎಲ್ಲ ಬೇಕು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ದಾಟುತ್ತದೆ. ಹೊಸನಗರದ ಹುಲಿಕಲ್ಲಿನವರು ಅದಕ್ಕೂ ಹೆಚ್ಚು ನಮ್ಮಲ್ಲಿ ಎಂದು ಮಳೆಮಾಪನ ತೋರಿಸುತ್ತಾರೆ. ನೀರು ಹೊಡೆಯುವ ಖರ್ಚಿಲ್ಲದ ತಾಲ್ಲೂಕು ಯಾವುದೆಂಬ ಬಗ್ಗೆ ತೀರ್ಥಹಳ್ಳಿಗೂ ಹೊಸನಗರಕ್ಕೂ ಹೀಗೆ ಘನವಾದ ಸ್ಪರ್ಧೆ ಇದೆ. ಹಾಸು ಮಾತ್ರ ಎರಡೂ ಕಡೆ ಇಲ್ಲ, ಹಾವಸೆ ಇದೆ. ಚೆಂಡಿಗಿಂತ ಆಟಗಾರನೇ ಸಲೀಸಾಗಿ ಓಡುತ್ತಾನೆ, ಅದೂ ಬೆನ್ನಮೇಲೆ.

ಮಳೆ ಬಂದರೆ ಪಂದ್ಯ ಮುಂದಕ್ಕೆ ಹಾಕಿದರಾಯಿತು ಎನ್ನುವವರು ಬರ್ಲಿನ್ನಿನ ದೃಷ್ಟಾಂತ ಕೊಡುತ್ತಾರೆ. 1936ರ ಒಲಿಂಪಿಕ್ಸ್ ಫೈನಲ್ಲು ಆಗಸ್ಟ್ 14ಕ್ಕೆ ಇತ್ತು, ಮಳೆಯಿಂದ 15ಕ್ಕೆ ಹೋಯಿತು, ಧ್ಯಾನ್‌ಚಂದರ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿತು. ಈ ವೃತ್ತಾಂತವನ್ನು ಆಗುಂಬೆ ಕಡೆ ಹೇಳಿ ನೋಡಿ: ಎಂಟು ಗೋಲನ್ನು ನಂಬುತ್ತಾರೆ, ಆಗಸ್ಟಿನಲ್ಲಿ ಬಂದ ಮಳೆ ಮರುದಿನಕ್ಕೆ ನಿಂತಿತೆಂಬುದನ್ನು ನಂಬುವುದಿಲ್ಲ.

ಮೂರನೆಯ ಪಂಥಕ್ಕೆ ಹೆಸರಿಲ್ಲ, ಆದರೆ ಬಲ ಅದಕ್ಕೇ. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಪಹಣಿ ಭಾಷೆಯಲ್ಲಿ ಹೇಳುವುದಾದರೆ ಹತ್ತಿರಹತ್ತಿರ ಒಂದು ಎಕರೆ ಹತ್ತು ಗುಂಟೆ. ಮಲೆನಾಡಿನಲ್ಲಿ ಇಷ್ಟು ಮಟ್ಟಸವಾದ ನೆಲ ಗದ್ದೆಬಯಲಿನಲ್ಲಿದೆ, ಅಲ್ಲಿ ನಾಟಿಯಾಗಿರುತ್ತದೆ. ಇಲ್ಲವೇ ತೋಟವಾಗಿದೆ, ಒಂಬತ್ತು ಅಡಿ ಅಂತರದ ಲೆಕ್ಕದಲ್ಲಿ ಒಂದು ಹಾಕಿ ಮೈದಾನವೆಂದರೆ 650ಕ್ಕೂ ಹೆಚ್ಚು ಅಡಿಕೆ ಮರ. ಎರಡೂ ಅಲ್ಲದೆ ಖಾಲಿ ಬಿದ್ದಿದ್ದರೆ ಅದಕ್ಕೆ ಯಾರೋ ಬಗರ್‌ಹುಕುಂ ನಮೂನೆ 57 ಹಾಕಿಯಾಗಿದೆ. ಶಾಲೆಯ ಮೈದಾನ ಎಂಬುದು ಗುಡ್ಡದ ಮಗ್ಗುಲು ಕಡಿದು ಮಾಡಿದ್ದು. ಅಲ್ಲಿ ಜೋರಾಗಿ ಹೊಡೆದ ಚೆಂಡು ಗೆರೆ ದಾಟಿ ಧರೆ ಇಳಿದು ಕೆಳಗಿನ ತೋಟಕ್ಕೆ ಬೀಳುವುದನ್ನು ನಮ್ಮ ಶಾಸ್ತ್ರದಲ್ಲಿ ತೋಟಪತನದೋಷ ಎನ್ನುತ್ತೇವೆ. ಚೆಂಡು ತರಲು ಹೋದ ಫುಲ್‌ಬ್ಯಾಕು ಕಾಲ್ತುಂಬ ಉಂಬಳ ಹತ್ತಿಸಿಕೊಂಡು ಬರುವಷ್ಟರಲ್ಲಿ ಎದುರಿನವರು ಬೇರೊಂದು ಚೆಂಡಿನಲ್ಲಿ ಗೋಲು ಹೊಡೆದಿರುತ್ತಾರೆ.

ಈಗ ಕಾಲವಿಚಾರ. ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರಬೇಕು. ಮೇಲಿನ ಮೆಟ್ಟಿಲು ಚಳಿಗಾಲಕ್ಕೆ ಮುಂಚೆ ತಲುಪಬೇಕಾದರೆ ಕೆಳಗಿನ ಮೆಟ್ಟಿಲು ಪುಷ್ಯ, ಆಶ್ಲೇಷ, ಮಘೆ ಮಳೆಗಳಲ್ಲೇ ಹತ್ತಬೇಕು. ಬಳ್ಳಾರಿಯಲ್ಲಿ ಕೂತು ನೋಡಿದರೆ ಇದು ಹದವಾದ ಹವೆ. ನಮ್ಮಲ್ಲಿ ಆ ದಿನಗಳಲ್ಲಿ ಮಳೆ ರಜೆ ಘೋಷಣೆಯಾಗುತ್ತದೆ. ರಜೆ ಘೋಷಿಸಿದ ದಿನ ಬಿಸಿಲು ಬರುವುದು ಸ್ವತಃಸಿದ್ಧ. ಬಿಸಿಲಿದ್ದರೂ ರಜೆ ರಜೆಯೇ, ಆಡುವ ಹಾಗಿಲ್ಲ. ಮರುದಿನ ಶಾಲೆ ಇದೆ, ಮಳೆಯೂ ಇದೆ.

ಹಾಗೂ ಹೀಗೂ ಒಂದು ಹೊಳವು ಸಿಕ್ಕಿತೆನ್ನಿ. ಎರಡು ದಿನ ಹೊಳವಾದರೆ ಹಾಕಿ ಆಡಬಹುದು. ಆದರೆ ಅದೇ ಎರಡು ದಿನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಬೇಕು. ಕೊನೆಗೌಡ ಮರ ಹತ್ತಿದ್ದಾನೆ, ಕೆಳಗೆ ಮೈಲುತುತ್ತ-ಸುಣ್ಣ ಕದಡುವವರು ಬೇಕು, ಪೈಪು ಎಳೆಯುವವರು ಬೇಕು. ಗೋಲ್‌ಕೀಪರು ಅಂದು ಶಾಲೆಗೆ ಬರುವುದಿಲ್ಲ. ಅವನದು ಹೋಗಲಿ, ಊಟದ ದಾನಿಯೂ ಸಿಗುವುದಿಲ್ಲ.

ಇಲ್ಲಿಗೆ ಗ್ರಂಥದ ಗರ್ಭಕ್ಕೆ ಬಂದೆವು. ಮೈದಾನ, ಮಳೆ, ಇತಿಹಾಸ ಎಲ್ಲ ಗೌಣ. ಯಾವ ಊರಿನಲ್ಲಿ ಮಧ್ಯಾಹ್ನದ ಊಟ ವಹಿಸಿಕೊಳ್ಳುವವರಿದ್ದಾರೋ ಆ ಊರೇ ಕ್ರೀಡಾಸ್ಥಳ. ಇದನ್ನು ಭೋಜನಪ್ರಾಮಾಣ್ಯವಾದ ಎಂದು ಕರೆದಿದ್ದೇವೆ. ಶಾಮಿಯಾನ, ಮೈಕು, ಟ್ರೋಫಿ, ಶಾಲುಹಾರ ಇವು ಊಟವನ್ನು ಹಿಂಬಾಲಿಸುತ್ತವೆ. ಸಂವಾದರೂಪದ ಪ್ರಮಾಣ ಹೀಗಿದೆ:

“ಗೌಡ್ರೇ, ಈ ಸಲ ಮಕ್ಕಳ ಊಟ ನಿಮ್ಮದೇ ಅಂತ ಹೆಡ್ಮಾಷ್ಟ್ರು ಹೇಳಿ ಕಳ್ಸಿದಾರೆ.”

“ಆಗ್ಲಿ ಮೇಷ್ಟ್ರೇ, ಎರಡನೇ ಔಷಧಿ ಹೊಡ್ದು ಮುಗೀಲಿ.”

“ಅದು ಯಾವಾಗ ಮುಗೀತದೆ?”

“ಮಳೆ ಬಿಟ್ರೆ.”

“ಮಳೆ ಬಿಟ್ರೆ ನಮಗೂ ಮ್ಯಾಚ್ ಇದೆ ಗೌಡ್ರೇ.”

“ಹಂಗಾದ್ರೆ ನೀವು ಆಡಿ, ಊಟ ಮುಂದಿನ ವರ್ಷ ನೋಡೋಣ.”

ಮಳೆ ಹೆಚ್ಚಾದರೆ ಕೊಳೆ, ಕೊಳೆ ಬಂದರೆ ಫಸಲಿಲ್ಲ, ಫಸಲಿಲ್ಲದಿದ್ದರೆ ಪಾಯಸವಿಲ್ಲ, ಪಾಯಸವಿಲ್ಲದ ಊರಿಗೆ ತೀರ್ಪುಗಾರರಿಲ್ಲ. ಹಾಕಿಯ ಸ್ಥಳನಿರ್ಣಯ ಬಿಇಓ ಕಚೇರಿಯಲ್ಲಾಗುತ್ತದೆ ಎಂಬುದು ಲೋಕರೂಢಿ; ನಿಜಕ್ಕೂ ಆಗುವುದು ಮ್ಯಾಮ್‌ಕೋಸಿನ ಅಡಿಕೆ ಧಾರಣೆ ಪಟ್ಟಿಯಲ್ಲಿ.

ಸಿದ್ಧಾಂತ: ಹೊನ್ನೆಮರಡು. ಸಾಗರದಿಂದ ಜೋಗದ ದಾರಿ ಹಿಡಿದು ಒಳಗೆ ತಿರುಗಿದರೆ ಲಿಂಗನಮಕ್ಕಿ ಹಿನ್ನೀರು, ದೋಣಿ ನಡೆಸುವುದನ್ನು ಕಲಿಸುವ ಜಾಗವೆಂದು ಹೆಸರಾದದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚುಗಳಲ್ಲಿ ನೆಲ ತೆರೆದುಕೊಳ್ಳುತ್ತದೆ. ಅದೇ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟೂ ತಲೆ ಎತ್ತುತ್ತದೆ. ಇಲ್ಲಿ ನಮೂನೆ 57 ಇಲ್ಲ, ತೋಟಪತನವಿಲ್ಲ. ಅನುಮತಿಯನ್ನು ವಿದ್ಯುತ್ ನಿಗಮದವರ ಹತ್ತಿರ ಕೇಳಬೇಕೋ ಅರಣ್ಯದವರ ಹತ್ತಿರವೋ ಎಂಬುದಕ್ಕೆ ಎರಡು ಅರ್ಜಿ ಸಾಕು. ಈ ನೆಲ ಮೊದಲು ಯಾರ ಗದ್ದೆಯಾಗಿತ್ತು ಎಂದು ಕೇಳಿದರೆ ಕಷ್ಟ. 1964ರ ಅಣೆಕಟ್ಟಿಗೆ ಊರು ಬಿಟ್ಟವರಲ್ಲಿ ಎಷ್ಟೋ ಮನೆಯವರು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಗೋಲುಕಂಬಕ್ಕೆ ಗುಂಡಿ ತೋಡಿದಲ್ಲಿ ಅವರ ಹಳೇ ಬದು ಸಿಕ್ಕೀತು.

ಆಕ್ಷೇಪ: ನೆಲ ಕಾಣುವಾಗ ಶಾಲೆಗೆ ಬೇಸಿಗೆ ರಜೆ, ಶಾಲೆ ಇರುವಾಗ ನೆಲ ನೀರಿನಡಿ. ಸಮಾಧಾನ: ಆಡಲು ನೆಲವೇ ಬೇಕೆಂಬ ಹಟ ಯಾಕೆ? ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಸುತ್ತಳತೆ 224ರಿಂದ 235 ಮಿಲಿಮೀಟರ್. ಅತ್ಯಂತ ಚಿಕ್ಕ ಚೆಂಡಿನ ಗಾತ್ರವೂ ಸುಮಾರು 190 ಘನ ಸೆಂಟಿಮೀಟರ್. ಅಷ್ಟು ನೀರು 190 ಗ್ರಾಂ ತೂಗುವುದರಿಂದ ಚೆಂಡು ತೇಲಲೇಬೇಕು, ನಿಯಮದ ಪ್ರಕಾರವೇ ತೇಲುತ್ತದೆ. ಇನ್ನು ಉಳಿದದ್ದು ತಂಡಕ್ಕೆ ಹನ್ನೊಂದು ಹರಿಗೋಲು.

ಸಂಗತಿಗೆ ಹೆಚ್ಚು ಜಾಗ ಬೇಡ. ಹಿನ್ನೀರಿನಾಚೆಯ ಕರೂರು-ಬಾರಂಗಿ ಹೋಬಳಿಯ ಮಕ್ಕಳು ಮೊದಲೆಲ್ಲ ಕಡೆಯ ಲಾಂಚು ತಪ್ಪೀತೆಂದು ಹೆಚ್ಚುವರಿ ಸಮಯ ಆಡುವಂತಿರಲಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆಯಾದ ಮೇಲೆ ಕಡೆಯ ಬಸ್ಸಿನವರೆಗೆ ಆಡಬಹುದು. ಲಿಂಗನಮಕ್ಕಿಯ ಪೂರ್ಣಮಟ್ಟ 1,819 ಅಡಿ. ಪಂದ್ಯದ ದಿನ ನೀರನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಹಿಡಿದುಕೊಳ್ಳಬೇಕೆಂದು, ಆಗದಿದ್ದಲ್ಲಿ ಹರಿಗೋಲು ಒದಗಿಸಬೇಕೆಂದು ಅರ್ಜಿ ಬರೆದು ಸಿದ್ಧಪಡಿಸಿದೆ. ಊಟದ ದಾನಿಯ ಒಪ್ಪಿಗೆ ಪತ್ರವನ್ನು ಅದಕ್ಕೆ ಲಗತ್ತಿಸಬೇಕು. ಪತ್ರಕ್ಕೆ ಗೌಡರು ಸಹಿ ಹಾಕಿದ್ದಾರೆ, ತಾರೀಕಿನ ಜಾಗದಲ್ಲಿ ‘ಎರಡನೇ ಔಷಧಿ ಆದ ಮೇಲೆ’ ಎಂದಿದೆ.