ಸದ್ಯಕ್ಕೆ ರಾಯರು

ಮಂಗಳೂರಿನ ಶಕ್ತಿನಗರದ ಏರುತಗ್ಗಿನ ಒಳರಸ್ತೆಗಳಲ್ಲಿ, ಫ್ಲ್ಯಾಟುಗಳ ನಡುವೆ ಇನ್ನೂ ಹಂಚಿನ ಮಾಡು ಹೊತ್ತು ನಿಂತಿರುವ ಮನೆಯಲ್ಲಿ ಸದ್ಯಕ್ಕೆ ರಾಯರು ಸಿಗುತ್ತಾರೆ. ಮನೆಯನ್ನು ಸರಿಯಾಗಿ ಮಾಡಿಸುವುದು ಮಗ ದುಬೈಯಿಂದ ಬಂದ ಮೇಲೆ, ಇಲ್ಲವೇ ಪಾಲುಪಟ್ಟಿ ಆದ ಮೇಲೆ. ಅಲ್ಲಿಯವರೆಗೆ? "ಸದ್ಯಕ್ಕೆ ಇಷ್ಟು ಸಾಕು ಮಾರಾಯ್ರೆ." ಇವರನ್ನು ಜಿಪುಣರೆನ್ನುವವರಿದ್ದಾರೆ, ಅದು ಅನ್ಯಾಯ. ಜಿಪುಣ ಖರ್ಚೇ ಮಾಡುವುದಿಲ್ಲ, ರಾಯರು ವರ್ಷವರ್ಷವೂ ಮಾಡುತ್ತಾರೆ, ಅದೂ ಒಂದೇ ಗೋಡೆಗೆ. ಅವರು ಎಡವುವುದು ದುಡ್ಡಿನಲ್ಲಲ್ಲ, ಸಾಮಾನಿನ ಆಯ್ಕೆಯಲ್ಲಿ. ಗೋಡೆ ಅಪ್ಪಟ ಮುರಕಲ್ಲಿನದು. ಅದರ ಮೇಲೆ ಇಟ್ಟಿಗೆಯ ಚಿತ್ರವಿರುವ ಸ್ಟಿಕ್ಕರ್. ನೆಲ ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾದ ರೆಡ್ ಆಕ್ಸೈಡ್. ಅದರ ಮೇಲೆ ಮರದ ಚಿತ್ರದ ಪ್ಲಾಸ್ಟಿಕ್ ಹಾಸು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರಿದು. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಮುರಕಲ್ಲು ನೀರು ಕುಡಿದು ಬೆವರುತ್ತದೆ, ಸ್ಟಿಕ್ಕರಿನ ಮೂಲೆ ಹಪ್ಪಳದ ಹಾಗೆ ಸುರುಳಿ ಸುತ್ತುತ್ತದೆ. ಮೊದಲು ಸೆಲ್ಲೋಟೇಪು, ಆಮೇಲೆ ಮೊಳೆ, ಕೊನೆಗೆ ಅದರ ಮೇಲೊಂದು ಕ್ಯಾಲೆಂಡರು. ಈಗ ಆ ಗೋಡೆಯ ಮೇಲೆ ಮೂರು ಕ್ಯಾಲೆಂಡರುಗಳಿವೆ, ಒಂದು ಹೋದ ವರ್ಷದ್ದು.

ಮೊದಲು ಮಾಡು ಸೋರುವುದನ್ನು ನಿಲ್ಲಿಸಬಾರದೇ ಎಂದು ಕೇಳಬಹುದು. ಹಂಚು ಎತ್ತಿದರೆ ಗೆದ್ದಲು ತಿಂದ ಪಕ್ಕಾಸು, ರೀಪು ಕಾಣಬಹುದೆಂಬ ಹೆದರಿಕೆ ರಾಯರಿಗೆ. ಕಂಡ ಮೇಲೆ 'ಸದ್ಯಕ್ಕೆ' ಎನ್ನಲಾಗುವುದಿಲ್ಲ. ತಮಾಷೆಯೆಂದರೆ, ಸಣ್ಣ ಬಜೆಟ್ಟಿಗೆ ಹೇಳಿ ಮಾಡಿಸಿದ ಸಾಮಾನು ಅವರ ತಲೆಯ ಮೇಲೆಯೇ ಇದೆ. ಬಾಸೆಲ್ ಮಿಷನ್ 1865ರಲ್ಲಿ ಇದೇ ಊರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಹೆಸರು ಮಾಡಿದ ಈ ಹಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಒಡೆದದ್ದು ಒಂದಾದರೆ ಒಂದನ್ನೇ ತೆಗೆದು ಇನ್ನೊಂದನ್ನು ತೂರಿಸಿದರಾಯಿತು. ಸ್ಟಿಕ್ಕರಿಗೆ ಆ ಸೌಜನ್ಯವಿಲ್ಲ, ಮೂಲೆ ಹೋದರೆ ಇಡೀ ಗೋಡೆ ಹೋಯಿತು.

ಆದರೂ ಮಗಳನ್ನು ನೋಡಲು ಬರುವವರ ಮುಂದೆ ಮನೆ ಹಳೇ ಕಾಲದ್ದಾಗಿ ಕಾಣಬಾರದಲ್ಲ? ಒಪ್ಪಿದೆ; ಅವರು ಕೂರುವುದು ಒಂದು ಗಂಟೆ, ಅಷ್ಟು ಹೊತ್ತು ಸ್ಟಿಕ್ಕರ್ ನಿಲ್ಲುತ್ತದೆ. ಅದಕ್ಕಿಂತ ಅಗ್ಗದಲ್ಲಿ ಸುಣ್ಣ ಬಳಿದು, ಟ್ಯೂಬ್‌ಲೈಟ್ ಬದಲು ಹಳದಿ ಬಲ್ಬು ಹಾಕಿದರೂ ಆಗುತ್ತಿತ್ತು, ಇರಲಿ. ಕಷ್ಟ ಬರುವುದು ಬಂದವರಲ್ಲೊಬ್ಬರು ಹಾಸಿನ ಅಂಚು ಎದ್ದಲ್ಲಿ ಕೆಂಪು ನೆಲ ಕಂಡು, "ಎಂಥ ಚಂದ ಉಂಟು! ಈಗ ಹೋಂಸ್ಟೇಗಳಲ್ಲಿ ಇದನ್ನೇ ದುಡ್ಡು ಕೊಟ್ಟು ಹಾಕಿಸ್ತಾರೆ" ಎಂದಾಗ. ರಾಯರು ಅಂಚನ್ನು ಕಾಲಿನಲ್ಲಿ ಒತ್ತಿ ಹಿಡಿದು ಸಂಕೋಚದಿಂದ ಹೇಳುತ್ತಾರೆ: "ಅದು ಸದ್ಯಕ್ಕೆ ಹಾಗೆ ಕಾಣ್ತದೆ. ಮುಚ್ಲಿಕ್ಕುಂಟು."